ಅಕ್ಕನ ಫೈಲು

ಫೆಬ್ರವರಿ ೧೦, ಶನಿವಾರ

ಕೂಟದ ಕಪ್ಪುಹಲಗೆಯಲ್ಲಿ ಇವತ್ತು ಎಲ್ಲಕ್ಕಿಂತ ಮೇಲಿನ ಸಾಲು ನನ್ನದು. ತಿಂಗಳಿಗೊಮ್ಮೆ ಪಾಲಿಟೆಕ್ನಿಕ್‌ನ ಖಾಲಿ ತರಗತಿಯಲ್ಲಿ ಸೇರುವ ನಾವು ಏಳೆಂಟು ಲಿನಕ್ಸ್ ಹುಚ್ಚರಿಗೆ ಇರುವುದು ಒಂದೇ ಪಂದ್ಯ. ಯಂತ್ರವನ್ನು ನಡೆಸುವ ಲಿನಕ್ಸಿನ ತಿರುಳಾದ ಕರ್ನಲ್ ಎಂಬ ದೊಡ್ಡ ಪ್ರೋಗ್ರಾಮನ್ನು ಯಾರ ಯಂತ್ರ ಬೇಗ ಕಂಪೈಲ್ ಮಾಡಿ, ಅಂದರೆ ತನ್ನ ಭಾಷೆಗೆ ತಿರುಗಿಸಿಕೊಂಡು, ಮುಗಿಸುತ್ತದೆ? ಯಂತ್ರವನ್ನು ಯಾರೂ ಹೊತ್ತು ತರುವುದಿಲ್ಲ. ಬಾಯಿಮಾತಿನ ಮೇಲೆ ನಂಬಿಕೆ. ನಾನು ಹೇಳಿದ ಸಮಯ ಕೇಳಿ ಗಡ್ಡದವನು, "ನಿಮ್ಮ ಆಫೀಸಿನ ನೀರಲ್ಲಿ ಏನಾದ್ರೂ ಬೆರೆಸ್ತೀರಾ?" ಎಂದ. ಅವನು ಅಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಾನೆ. ಗಡ್ಡ ಬೋಳಿಸಿ ವರ್ಷವಾದರೂ ಹೆಸರು ಹೋಗಿಲ್ಲ.

ಗುಟ್ಟು ದೊಡ್ಡದೇನಲ್ಲ. ಯಂತ್ರ ಏಳುವಾಗ ಒಂದು ಕೀಲಿ ಒತ್ತಿದರೆ ನೀಲಿ ಪರದೆ ಬರುತ್ತದೆ. ಪ್ರೊಸೆಸರ್ ಕೇಳಿದ್ದಕ್ಕೆ ಯಂತ್ರದ ನೆನಪಿನ ಚಿಪ್ಪಾದ ರ್‍ಯಾಮ್ ಉತ್ತರ ಕೊಡುವವರೆಗೆ ಎಷ್ಟು ಕಾಯಬೇಕು ಎಂಬುದಕ್ಕೆ ಅಲ್ಲಿ ಎರಡು ಅಂಕಿಗಳಿವೆ. ಗುರುವಾರ ಆಫೀಸಿನ ಹೊಸ ಯಂತ್ರದಲ್ಲಿ ಎರಡನ್ನೂ ಸೊನ್ನೆ ಮಾಡಿದೆ. ಯಂತ್ರ ಗೊಣಗದೆ ಎದ್ದಿತು. ಕರ್ನಲ್ ಕಂಪೈಲ್ ಆಗುವಾಗ ನಡುವೆ ಎರಡು ಸಲ ನಿಂತಿತು. ಮತ್ತೆ ಮೇಕ್ ಎಂಬ ಆಜ್ಞೆ ಕೊಟ್ಟೆ, ಮುಂದುವರಿಯಿತು. ನಿಂತ ಹೊತ್ತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು. "ಬೇಗ ಮುಗಿಸಿ ಉಳಿದ ಟೈಮಲ್ಲಿ ಏನ್ ಮಾಡುತ್ತೆ ನಿಮ್ಮ ಯಂತ್ರ?" ಎಂದಳು.

ಫೆಬ್ರವರಿ ೧೨, ಸೋಮವಾರ

ಅಕ್ಕ ಇವತ್ತು ಕೆಲಸಕ್ಕೆ ಬಂದಳು. ಮೆದುಳು ಜ್ವರದಲ್ಲಿ ಮಲಗಿ, ಎದ್ದು, ಐದು ತಿಂಗಳ ನಂತರ. ರಸ್ತೆ ದಾಟುವಾಗ ಮೊಣಕೈ ಹಿಡಿದುಕೊಂಡೆ. ಮೆಟ್ಟಿಲ ಹತ್ತಿರ ಚೀಲ ತೆಗೆದುಕೊಂಡೆ.

ನೀರು ಸರಬರಾಜು ಕಚೇರಿಯಲ್ಲಿ ನಮ್ಮಿಬ್ಬರದೂ ಒಂದೇ ಕೋಣೆ. ಯಾವ ತೊಟ್ಟಿಯ ಯಾವ ವಾಲ್ವನ್ನು ಯಾವಾಗ ತಿರುಗಿಸಿದರೆ ಯಾವ ಬೀದಿಗೆ ಎಷ್ಟು ಒತ್ತಡದಲ್ಲಿ ನೀರು ಹೋಗುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಂ ಅವಳದು. ಯಂತ್ರ ನೋಡಿಕೊಳ್ಳುವವನು ನಾನು. ನನಗೆ ಈ ವಿದ್ಯೆ ಕಲಿಸಿದವಳೂ ಅವಳೇ. ಹಳೆಯ ದೊಡ್ಡ ಕಂಪ್ಯೂಟರನ್ನು ತಿಂಗಳಾಂತ್ಯದಲ್ಲಿ ಹೊತ್ತುಕೊಂಡು ಹೋಗುತ್ತಾರೆ. ಅದರ ಜಾಗದಲ್ಲಿ ಮೇಜಿನ ಮೇಲೆ ಕೂರುವ ಪುಟ್ಟ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಸಾಕು ಎಂದು ಸಾಹೇಬರನ್ನು ಒಪ್ಪಿಸಿದವನು ನಾನು. ಆರು ತಿಂಗಳು ಬೆನ್ನು ಹತ್ತಿದ್ದೆ. ಮಾರ್ಚ್ ಹದಿನೈದಕ್ಕೆ ಅವರ ಮುಂದೆ ಅಕ್ಕನ ಪ್ರೋಗ್ರಾಂ ಇದರಲ್ಲಿ ಓಡಬೇಕು. ಓಡದಿದ್ದರೆ ಕೆಲಸ ಹೊರಗಿನ ಕಂಪನಿಗೆ. ಅಕ್ಕನ ಗುತ್ತಿಗೆಯೂ ಆ ತಿಂಗಳಿಗೇ ಮುಗಿಯುವುದರಿಂದ ಮುಂದಿನದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ.

"ಹೇಗಿದ್ದೀರಿ?" ಎಂದು ಸಾಹೇಬರು ಅವಳನ್ನು ಕೇಳಿದರು. "ಪರವಾಗಿಲ್ಲ ಸರ್, ಸ್ವಲ್ಪ ಸುಸ್ತು, ಅಷ್ಟೇ," ಎಂದೆ.

ಅವರು ಹೋದ ಮೇಲೆ ಅಕ್ಕ, "ಜ್ವರ ಬಂದಿದ್ದು ತಲೆಗೆ ಕಣೋ, ಬಾಯಿಗಲ್ಲ," ಎಂದಳು. ನಗುತ್ತಲೇ ಹೇಳಿದಳು.

ಫೆಬ್ರವರಿ ೧೫, ಗುರುವಾರ

ಮೊದಲ ಸಲ ಕಂಪೈಲ್ ಮಾಡಿದೆವು. ಸಣ್ಣ ಫೈಲುಗಳೆಲ್ಲ ಸಲೀಸಾಗಿ ಹೋದವು. ಅಕ್ಕನ ದೊಡ್ಡ ಫೈಲಿಗೆ ಬಂದಾಗ ಕಂಪೈಲರ್ ಸತ್ತುಹೋಯಿತು. ಇಂಥ ಕಡೆ ತಪ್ಪಿದೆ ಎಂದು ತೋರಿಸಿ ನಿಲ್ಲಲಿಲ್ಲ, ತಾನೇ ಸತ್ತಿತು. ಪರದೆಯ ಮೇಲೆ ಉಳಿದದ್ದು ಇಷ್ಟು: ಮಾರಕ ಸಿಗ್ನಲ್ ಹನ್ನೊಂದು. ೪೧೨ನೇ ಸಾಲು.

ಆ ಫೈಲಿನಲ್ಲಿರುವುದು ಒಂದೇ ಫಂಕ್ಷನ್, ಎಂದರೆ ಒಂದೇ ಉದ್ದನೆಯ ಲೆಕ್ಕ. ಮೇಲಿನ ತೊಟ್ಟಿಯಿಂದ ಹೊರಟು ಊರಿನ ಪ್ರತಿ ಪೈಪಿನೊಳಗೂ ಇಳಿದು ಕೊನೆಯ ನಲ್ಲಿಯವರೆಗೆ ಎಲ್ಲೂ ನಿಲ್ಲದೆ ಹೋಗುತ್ತದೆ. ಕಚೇರಿಯಲ್ಲಿ ಎಲ್ಲರೂ ಅದನ್ನು ರೈಲು ಎನ್ನುತ್ತಾರೆ. ಜ್ವರ ಬರುವ ಮುನ್ನ ಅವಳು ಅದನ್ನು ಹೊಸ ಯಂತ್ರಕ್ಕೆಂದೇ ಮೊದಲಿನಿಂದ ಬರೆದಿದ್ದಳು.

ಮತ್ತೆ ಮೇಕ್ ಕೊಟ್ಟೆ. ಮೇಕ್ ಒಳ್ಳೆಯ ಆಳು. ಆದ ಕೆಲಸ ಬಿಟ್ಟು ನಿಂತಲ್ಲಿಂದ ಶುರು ಮಾಡುತ್ತದೆ. ಈ ಸಲ ೩೬೦ರ ಹತ್ತಿರ ಸತ್ತಿತು. ಮೂರನೆಯ ಸಲ ದಾಟಿಕೊಂಡಿತು.

"ಕಂಪೈಲರ್ ಸಾಯೋ ಹಾಗೆ ಬರೆಯೋದೂ ಒಂದು ಕಲೆ," ಎಂದೆ. ನಗಿಸಲು ಹೇಳಿದ್ದು. ಅಕ್ಕ ಪರದೆಯ ಹತ್ತಿರ ಬಗ್ಗಿ ೪೧೨ನೇ ಸಾಲನ್ನು ಓದುತ್ತಿದ್ದಳು. ಎದ್ದು ಊಟದ ಡಬ್ಬಿ ತಂದುಕೊಟ್ಟೆ. ಅರ್ಧ ತಿಂದಳು.

ಫೆಬ್ರವರಿ ೧೬, ಶುಕ್ರವಾರ

ಎಲ್ಲದರ ಪ್ರತಿ ಮಾಡಿಟ್ಟೆ. ಹೊಸ ಫ್ಲಾಪಿ ಇರಲಿಲ್ಲ, ಹಳೆಯ ಪ್ರತಿಯ ಮೇಲೆಯೇ ಬರೆದೆ. ಮಧ್ಯಾಹ್ನ ಸೆಕೆ. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಬೇಗೆ.

ಫೆಬ್ರವರಿ ೧೯, ಸೋಮವಾರ

ಹೊಸ ಯಂತ್ರ ಅಚ್ಚು ಹಾಕಿದ ಮೊದಲ ಒತ್ತಡದ ಹಾಳೆಯನ್ನು ಹಳೆಯದರ ಜೊತೆ ಹೋಲಿಸಿ ನೋಡಲೆಂದು ವಾಲ್ವ್ ಮೇಸ್ತ್ರಿಗೆ ಕೊಟ್ಟಿದ್ದೆವು. ಬೆಳಿಗ್ಗೆ ಅದನ್ನು ಸುರುಳಿ ಸುತ್ತಿಕೊಂಡು ಬಂದರು.

"ಮೇಡಂ, ಇದ್ಯಾವ ಊರಿಂದು?"

"ಯಾಕೆ, ಏನಾಯ್ತು?" ಎಂದಳು ಅಕ್ಕ.

"ಆಸ್ಪತ್ರೆ ದಿಬ್ಬದ ಪೈಪಲ್ಲಿ ಇಷ್ಟು ಒತ್ತಡ ಅಂತ ಹಾಕಿದ್ದೀರಲ್ಲ, ಪೈಪ್ ಬಿಡಿ, ದಿಬ್ಬಾನೇ ಹಾರ್ಕೊಂಡು ಹೋಗುತ್ತೆ. ಪಕ್ಕದ ಬೀದೀಲಿ ನೋಡಿದ್ರೆ ನೀರು ಹಿಂದಕ್ಕೆ ಹೋಗ್ತಾ ಇದೆ. ನೀವು ರಜಾದಲ್ಲಿದ್ದಾಗ ಪಾಪ ಕೆಳಗಡೆನೇ ಹರೀತಿತ್ತು."

ಕೋಣೆಯಲ್ಲಿದ್ದ ಎಲ್ಲರೂ ನಕ್ಕರು. ಮೇಸ್ತ್ರಿಯ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಅಕ್ಕ ಹಾಳೆಯನ್ನು ತೆಗೆದುಕೊಂಡು ಆ ಎರಡು ಅಂಕಿಗಳ ಸುತ್ತ ಪೆನ್ಸಿಲಿನಿಂದ ಗುಂಡಗೆ ಬರೆದಳು.  

ಫೆಬ್ರವರಿ ೨೧, ಬುಧವಾರ

ಕಂಪೈಲರ್ ಇವತ್ತು ನನ್ನ ಫೈಲಿನಲ್ಲೂ ಒಮ್ಮೆ ಸತ್ತಿತು. ಮುದ್ರಣಕ್ಕೆಂದು ನಾನು ಬರೆದ ಸಣ್ಣ ಫೈಲು. ಮತ್ತೆ ಮೇಕ್ ಕೊಟ್ಟೆ, ಹೋಯಿತು. ಲೆಕ್ಕಕ್ಕಿಲ್ಲ.

ಫೆಬ್ರವರಿ ೨೩, ಶುಕ್ರವಾರ

ಸಾಹೇಬರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಮೇಜಿನ ಮೇಲೆ ಮೇಸ್ತ್ರಿಯ ಹಾಳೆ.

"ನನಗೆ ಒಂದೇ ಮಾತು ಹೇಳಿ. ತೊಂದರೆ ಯಂತ್ರದ್ದಾ, ಬರೆದಿರೋದರದ್ದಾ?"

ಅಕ್ಕ ಉಸಿರು ತೆಗೆದುಕೊಂಡಳು. ಮಾತಾಡುವ ಮುಂಚೆ ಒಂದು ಕ್ಷಣ ತಡೆಯುವುದು ಜ್ವರದ ನಂತರ ಬಂದ ಅಭ್ಯಾಸ. ಆ ಕ್ಷಣದಲ್ಲಿ ನಾನು ಮಾತಾಡಿದೆ.

"ಯಂತ್ರ ಸರಿಯಾಗಿದೆ ಸರ್. ಕರ್ನಲ್ಲನ್ನೇ ಪೂರ್ತಿ ಕಂಪೈಲ್ ಮಾಡಿ ನೋಡಿದ್ದೀನಿ. ಅಕ್ಕನ ಫೈಲ್ ಹತ್ರ ಮಾತ್ರ ಹೀಗಾಗುತ್ತೆ. ತುಂಬಾ ಉದ್ದ, ತುಂಬಾ ಜಟಿಲ. ಹುಷಾರಿಲ್ಲದಾಗ ಬರೆದಿದ್ದು ಇರಬಹುದು."

"ಜ್ವರಕ್ಕೆ ಮುಂಚೆ ಬರೆದಿದ್ದು," ಎಂದಳು ಅಕ್ಕ.

"ಮುಂಚೆ ಅಂದ್ರೆ ಎಷ್ಟು ಮುಂಚೆ?" ಎಂದು ಕೇಳಿದರು ಸಾಹೇಬರು. ದನಿ ಮೃದುವಾಗಿತ್ತು.  ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೂ ನೆನಪಿತ್ತು: ಜ್ವರ ಕಾಣಿಸಿಕೊಳ್ಳುವ ಮೊದಲೇ ಕೆಲವು ವಾರ ಒಳಗೆ ಇದ್ದಿರಬಹುದು.

ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಕರ್ನಲ್ ಕಂಪೈಲ್ ಆಗಿದೆ.

ಫೆಬ್ರವರಿ ೨೭, ಮಂಗಳವಾರ

ಅಮ್ಮ ಮತ್ತು ಅಕ್ಕ ನಮ್ಮ ಮೇಲಿನ ಮಹಡಿಯಲ್ಲಿದ್ದಾರೆ. ಸಂಜೆ ಹೋದಾಗ ಅಕ್ಕ ರೈಲಿನ ಮುದ್ರಿತ ಪ್ರತಿಯನ್ನು ನಡುಮನೆಯ ಉದ್ದಕ್ಕೂ ಹಾಸಿ, ಕತ್ತರಿ ಹಿಡಿದು ಕೂತಿದ್ದಳು. ರೈಲನ್ನು ತುಂಡು ಮಾಡಿ ಚಿಕ್ಕ ಚಿಕ್ಕ ಬೋಗಿಗಳಾಗಿ ಬರೆಯುತ್ತಾಳಂತೆ, ಕಂಪೈಲರಿಗೆ ಒಂದೊಂದೇ ತುತ್ತು ಕೊಡುವಂತೆ.

"ಹೀಗೆ ಕತ್ತರಿಸಿದ್ರೆ ನಿಧಾನ ಆಗುತ್ತೆ," ಎಂದಳು. "ಪ್ರತಿ ಬೋಗಿಗೂ ಎಲ್ಲಾ ಲೆಕ್ಕ ಮತ್ತೆ ಹೊತ್ಕೊಂಡು ಹೋಗ್ಬೇಕು. ಆದ್ರೆ ಬೇರೆ ದಾರಿ ಕಾಣ್ತಿಲ್ಲ. ನಿಂಗೆ ಕಾಣ್ತಿದ್ಯಾ?"

"ಇದೇ ಸರಿ," ಎಂದೆ.

ಅವಳು ಕತ್ತರಿಸಿದಂತೆ ನಾನು ತುಂಡುಗಳಿಗೆ ನಂಬರು ಹಾಕಿದೆ. ಅಮ್ಮ ಬಾಗಿಲಲ್ಲಿ ನಿಂತು, "ಚಿಕ್ಕವರಿದ್ದಾಗ ಗಾಳಿಪಟ ಮಾಡ್ತಿದ್ರಿ, ಹೀಗೇ ಮನೆ ತುಂಬಾ ಕಾಗದ," ಎಂದಳು. ಆಗ ಕತ್ತರಿ ಅಕ್ಕನ ಕೈಯಲ್ಲಿರುತ್ತಿತ್ತು, ನನಗೆ ಅಂಟು ಹಚ್ಚುವ ಕೆಲಸ. ಈಗ ಎಲ್ಲಿ ಕತ್ತರಿಸಲಿ ಎಂದು ಅವಳು ನನ್ನನ್ನು ಕೇಳುತ್ತಾಳೆ.

ಬಹಳ ದಿನಗಳ ಮೇಲೆ ಒಂದು ಒಳ್ಳೆಯ ಸಂಜೆ.

ಮಾರ್ಚ್ ೩, ಭಾನುವಾರ

ಈ ತಿಂಗಳ ಕೂಟಕ್ಕೆ ಇನ್ನೂ ದಿನಗಳಿವೆ. ಬೆಳಿಗ್ಗೆ ಗಡ್ಡದವನ ಮನೆಗೆ ಹೋದೆ. ಅವನು ಅಂಗಳದಲ್ಲಿ ಸ್ಕೂಟರ್ ತೊಳೆಯುತ್ತಿದ್ದ. ಅಕ್ಕನ ಫೈಲಿನ ವಿಷಯ ಹೇಳಿದೆ. ಅವನು ಚಕ್ರ ಉಜ್ಜುತ್ತಲೇ ಕೇಳಿಸಿಕೊಂಡ.

"ಪ್ರತಿ ಸಲ ಅದೇ ಸಾಲಲ್ಲೇ ಸಾಯುತ್ತಾ?"

"ಇಲ್ಲ. ಒಂದೊಂದ್ಸಲ ಒಂದೊಂದು ಕಡೆ."

"ಮತ್ತೆ ಬರೆದೋರನ್ನ ಯಾಕೆ ಬೈತೀಯೋ? ಬರವಣಿಗೆ ತಪ್ಪು ಕೂತ ಕಡೆ ಕೂತಿರುತ್ತೆ. ಸಾವಿರ ಸಲ ಕೇಳು, ಅದೇ ಸಾಲು ತೋರಿಸುತ್ತೆ. ಹೀಗೆ ಊರೆಲ್ಲ ಅಲೆಯೋದು ರ್‍ಯಾಮಿನ ತಪ್ಪು. ಕಂಪೈಲರ್ ಒಂದು ಇಟ್ಟು ಬಂದಿರುತ್ತೆ, ವಾಪಸ್ ಬಂದು ನೋಡಿದ್ರೆ ಇನ್ನೊಂದು. ಉದ್ದದ ಫೈಲ್ ಅಂದ್ರೆ ಜಾಸ್ತಿ ರ್‍ಯಾಮು, ಅದಕ್ಕೇ ಅಲ್ಲೇ ಜಾಸ್ತಿ ಸಾಯುತ್ತೆ. ಸೆಕೆ ಬೇರೆ." ಪೈಪು ಕೆಳಗಿಟ್ಟು ನನ್ನ ಮುಖ ನೋಡಿದ. "ಕಾಯೋ ಅಂಕಿ ಎಷ್ಟಿಟ್ಟಿದ್ದೀಯ?"

ಹೇಳಿದೆ.

"ಎರಡೂ?"

"ಎರಡೂ."

"ಓ," ಎಂದ. "ಹಲಗೆ ಮೇಲಿನ ಸಾಲು."

ಸ್ವಲ್ಪ ಹೊತ್ತು ನಕ್ಕ. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದ. "ಅದ್ರಲ್ಲೇನಿದೆ ಬಿಡು, ನಾಳೆ ಹೋಗಿ ವಾಪಸ್ ಹಾಕು, ನಿಮ್ಮಕ್ಕಂಗೆ ಒಂದು ಮಾತು ಹೇಳು. ಮುಗೀತಲ್ಲ?"

ದಾರಿಯುದ್ದಕ್ಕೂ ಕಿವಿ ಬಿಸಿಯಾಗಿತ್ತು. ಮನೆಗೆ ಬಂದು ಫೆಬ್ರವರಿ ಹತ್ತರ ಪುಟ ತೆಗೆದು ಓದಿದೆ. ಎಲ್ಲವನ್ನೂ ಅಲ್ಲೇ ಬರೆದಿದ್ದೇನೆ, ಅಕ್ಷರ ದುಂಡಗೆ.

ಮಾರ್ಚ್ ೪, ಸೋಮವಾರ

ಎಲ್ಲರಿಗಿಂತ ಮೊದಲೇ ಹೋಗಿ ಅಂಕಿಗಳನ್ನು ಹಿಂದಿನಂತೆ ಮಾಡಿದೆ. ಕರ್ನಲ್ಲನ್ನು ಮೊದಲಿನಿಂದ ಕೊನೆಯವರೆಗೆ ಕಂಪೈಲ್ ಮಾಡಿದೆ. ಒಮ್ಮೆಯೂ ನಿಲ್ಲಲಿಲ್ಲ. ಎಷ್ಟು ಹೊತ್ತಾಯಿತೋ ನೋಡಲಿಲ್ಲ.

ಅಕ್ಕ ಬಂದು ತನ್ನ ಬೋಗಿಗಳನ್ನು ಹಾಕಿದಳು. ಮೊದಲ ಸಲಕ್ಕೇ ಎಲ್ಲವೂ ಹೋದವು. ಲೆಕ್ಕ ಹಳೆಯ ಯಂತ್ರದ ಹಾಳೆಗೆ ಸರಿಹೊಂದಿತು. ಅವಳು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಕೂತಳು. ಆಮೇಲೆ ಎದ್ದು ಇಡೀ ಕೋಣೆಗೆ ಟೀ ತರಿಸಿದಳು.

"ತಪ್ಪೆಲ್ಲ ನಂದೇ," ಎಂದು ಮೇಸ್ತ್ರಿಗೆ ಹೇಳಿದಳು. "ನನ್ನ ತಮ್ಮ ಕೂತು ತಿದ್ದಿಸ್ದೇ ಇದ್ದಿದ್ರೆ ಆಗ್ತಿರ್ಲಿಲ್ಲ."

"ತಮ್ಮ ಅಂದ್ರೆ ಹೀಗಿರ್ಬೇಕು ನೋಡಿ," ಎಂದರು ಮೇಸ್ತ್ರಿ. "ನನಗೂ ಒಬ್ಬ ಇದ್ದಾನೆ, ಅವನು ತಿದ್ದೋದು ಮೀಸೆ ಮಾತ್ರ."

ಹೇಳಬೇಕೆಂದು ಬಾಯಿ ತೆರೆದೆ. "ನಂಗೆ ಟೀ ಬೇಡ," ಎಂದೆ.

ಮಾರ್ಚ್ ೬, ಬುಧವಾರ

ಇವತ್ತೂ ಹೇಳಲಿಲ್ಲ.

ಮಾರ್ಚ್ ೮, ಶುಕ್ರವಾರ

ಪ್ರೋಗ್ರಾಂ ಚೆನ್ನಾಗಿ ಓಡುತ್ತಿದೆ. ಹದಿನೈದಕ್ಕೆ ತೊಂದರೆಯಿಲ್ಲ. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ ಎಂದು ಎರಡು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಸಂಜೆ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಒಂದು ವಿಷಯ ಕೇಳ್ತೀನಿ, ನಗ್ಬೇಡ," ಎಂದಳು. "ಹಳೇ ರೈಲಲ್ಲಿ ತಪ್ಪು ಎಲ್ಲಿತ್ತು?"

"ಉದ್ದ ಆಗಿತ್ತಲ್ಲ..."

"ಉದ್ದ ತಪ್ಪಲ್ಲ. ದಿನಾ ಮಲಗಿದಾಗ ತಲೇಲೇ ಮೊದಲಿಂದ ಓದ್ತೀನಿ. ಒಂದೊಂದು ಸಾಲೂ ಸರಿ ಅನ್ಸುತ್ತೆ. ತಪ್ಪು ಇದ್ದಿದ್ದಂತೂ ನಿಜ, ಕಣ್ಣಾರೆ ನೋಡಿದ್ವಿ. ನಂಗೆ ಮಾತ್ರ ಕಾಣಲ್ಲ." ಕಿಟಕಿಯ ಗಾಜಿನ ಮೇಲೆ ಬೆರಳಿಟ್ಟಿದ್ದಳು. "ತಪ್ಪು ಮಾಡಿದ್ದಕ್ಕೆ ಹೆದರಿಕೆ ಇಲ್ಲ ಕಣೋ. ಕಾಣ್ತಾನೇ ಇಲ್ವಲ್ಲ, ಅದಕ್ಕೆ."

ನಮ್ಮ ನಿಲ್ದಾಣ ಬಂತು. ಇಳಿಯುವಾಗ ಕೈ ಕೊಟ್ಟೆ. ಹಿಡಿದುಕೊಂಡಳು. ಈಗೀಗ ತಾನಾಗಿಯೇ ಹಿಡಿದುಕೊಳ್ಳುತ್ತಾಳೆ.

ಮಾರ್ಚ್ ೧೧, ಸೋಮವಾರ

ಅಕ್ಕ ನಿರ್ಧಾರ ಮಾಡಿದ್ದಾಳೆ. ಹದಿನೈದರ ಪರೀಕ್ಷೆ ಮುಗಿದ ಕೂಡಲೇ ಬಿಲ್ ವಿಭಾಗದಲ್ಲಿ ಮೀಟರಿನ ಅಂಕಿ ಟೈಪ್ ಮಾಡುವ ಕೆಲಸ ಕೊಡಿ ಎಂದು ಸಾಹೇಬರನ್ನು ಕೇಳುತ್ತಾಳಂತೆ. "ಊರಿನ ನೀರು. ನನಗೇ ಕಾಣದ ತಪ್ಪನ್ನ ಅದರಲ್ಲಿ ಇಟ್ಕೊಂಡು ಕೂರಕ್ಕಾಗಲ್ಲ. ಪ್ರೋಗ್ರಾಂ ನೀನೇ ನೋಡ್ಕೋ."

ಕೇಳಿದಾಗ ಮೊದಲು ಅನ್ನಿಸಿದ್ದನ್ನು ಇಲ್ಲಿ ಬರೆಯಲೇಬೇಕು. ಸಮಾಧಾನವಾಯಿತು. ಇನ್ನು ಯಾರೂ ಹಳೆಯ ರೈಲಿನ ವಿಷಯ ಎತ್ತುವುದಿಲ್ಲ ಎಂಬ ಸಮಾಧಾನ. ಅದಾದ ಮೇಲೆಯೇ ಉಳಿದದ್ದೆಲ್ಲ ಅನ್ನಿಸಿತು. "ಅವಸರ ಬೇಡ ಅಕ್ಕ, ಆದ್ರೆ ನಿಂಗೆ ಆರಾಮಾಗೋದು ಮುಖ್ಯ," ಎಂದೆ. ನನ್ನ ಬಾಯಿಂದ ಈ ಮಾತು ಬಂತು.

ಮಾರ್ಚ್ ೧೩, ಬುಧವಾರ

ಊಟ ಸೇರಲಿಲ್ಲ. ಹೆಂಡತಿ ಕೇಳಿದಳು, ಹೇಳಿದೆ. ಅವಳಿಗೆ ಯಂತ್ರದ ಭಾಷೆ ಗೊತ್ತಿಲ್ಲವಾದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಹಾಗೆ ಬಿಡಿಸಿ ಹೇಳಿದಾಗ ಅಡಗಿಕೊಳ್ಳಲು ಒಂದು ಪದವೂ ಉಳಿಯುವುದಿಲ್ಲ.

"ಅಂದ್ರೆ," ಎಂದಳು, "ಪರೀಕ್ಷೇಲಿ ಹುಡುಗಿ ಸರಿಯಾಗೇ ಬರೆದಿದ್ದಾಳೆ. ತಿದ್ದೋನು ಕನ್ನಡಕ ಹಾಕ್ಕೊಂಡಿರ್ಲಿಲ್ಲ. ಅವಳಿಗೆ ಸೊನ್ನೆ."

"ಹೂಂ."

"ಹತ್ತು ದಿನದಿಂದ ಗೊತ್ತಿದೆ."

"ಹೂಂ."

ಅವಳು ತಟ್ಟೆ ಎತ್ತಿಟ್ಟು ಬಂದು ಎದುರಿಗೆ ಕೂತಳು. "ನಿಜ ಹೇಳಿ. ಅತ್ತಿಗೆ ಪೂರ್ತಿ ಹುಷಾರಾಗೋದು ನಿಮಗೆ ಇಷ್ಟ ಇಲ್ವಾ?"

ಅಸಂಬದ್ಧ ಪ್ರಶ್ನೆ. ಐದು ತಿಂಗಳು ಆಸ್ಪತ್ರೆಗೆ ಓಡಾಡಿದವನು ನಾನು. ಔಷಧಿಯ ಹೊತ್ತನ್ನು ಅವಳಿಗಿಂತ ಚೆನ್ನಾಗಿ ಬಲ್ಲವನು ನಾನು. ಈಗಲೂ ಅವಳ ಚೀಲ ಹೊರುತ್ತಿದ್ದೇನೆ. ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ.

ನಾಳೆ ಹೇಳುತ್ತೇನೆ.

ಮಾರ್ಚ್ ೧೪, ಗುರುವಾರ

ಊಟದ ಹೊತ್ತಿನಲ್ಲಿ ಕೋಣೆ ಖಾಲಿಯಾದಾಗ ಹೇಳಿದೆ. ಹಲಗೆಯ ಮೇಲಿನ ಸಾಲಿನಿಂದ ಹಿಡಿದು ಟೀ ಬೇಡ ಎಂದದ್ದರವರೆಗೆ. ಅಕ್ಕ ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದೇ ಕೇಳಿದಳು. ಅಳುತ್ತಾಳೆ ಎಂದುಕೊಂಡಿದ್ದೆ. ಮುಚ್ಚಳ ಹಾಕಿ, ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ತೋರಿಸು," ಎಂದಳು.

ನೀಲಿ ಪರದೆಗೆ ಹೋಗಿ ಅಂಕಿಗಳನ್ನು ಮತ್ತೆ ಸೊನ್ನೆ ಮಾಡಿದೆ. ಅವಳ ಬೋಗಿಗಳನ್ನು ಕಂಪೈಲ್ ಮಾಡಿದೆ. ಮೂರನೆಯದರಲ್ಲಿ ಸಿಗ್ನಲ್ ಹನ್ನೊಂದು.

"ಮತ್ತೆ."

ಈ ಸಲ ಏಳನೆಯದರಲ್ಲಿ.

"ನಿನ್ನ ಫೈಲು."

ಅದೂ ಸತ್ತಿತು.

"ಮತ್ತೆ."

ಎಷ್ಟು ಸಲ ಮಾಡಿಸಿದಳೋ. ಊಟ ಮುಗಿಸಿದವರು ಒಬ್ಬೊಬ್ಬರಾಗಿ ಬಂದು ನಮ್ಮ ಹಿಂದೆ ಕೂತರು. ಪ್ರತಿ ಸಲವೂ ಅವಳು ಪರದೆಯನ್ನು ಮಾತ್ರ ನೋಡುತ್ತಿದ್ದಳು, ನನ್ನನ್ನಲ್ಲ. ಕೊನೆಗೆ ಅಂಕಿಗಳನ್ನು ತಾನೇ ಹಿಂದಿನಂತೆ ಮಾಡಿ, ತಾನೇ ಕಂಪೈಲ್ ಮಾಡಿ, ಕೊನೆಯವರೆಗೂ ನೋಡಿದಳು.

"ಸಾಹೇಬ್ರ ಮುಂದೆ ನನ್ನ ಪರವಾಗಿ ನೀನೇ ಮಾತಾಡಿದ್ದಲ್ವಾ? ನಾಳೆಯೂ ನೀನೇ ಮಾತಾಡು."

ಸಂಜೆ ಅವಳು ಬಸ್ಸಿಗೆ ಒಬ್ಬಳೇ ಹೋದಳು. ರಸ್ತೆ ದಾಟುವವರೆಗೂ ಕಿಟಕಿಯಿಂದ ನೋಡುತ್ತಿದ್ದೆ. ದಾಟಿದಳು.

ಮಾರ್ಚ್ ೧೫, ಶುಕ್ರವಾರ

ಸಾಹೇಬರ ಕೋಣೆಯಲ್ಲಿ ಮೇಸ್ತ್ರಿಯೂ ಇದ್ದರು. ಹೊಸ ಹಾಳೆ ಸರಿಯಾಗಿದೆ ಎಂದು ಹೇಳಲು ಬಂದಿದ್ದರು. ನಾನು ನಿಂತುಕೊಂಡೇ ಹೇಳಿ ಮುಗಿಸಿದೆ. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ಅಕ್ಕನ ಮೇಲೆ ಇಷ್ಟು ಪ್ರೀತಿ ಇರೋದು ಒಳ್ಳೇದೇ. ಆದ್ರೆ ಅವರ ತಪ್ಪನ್ನ ನೀವು ತಲೆ ಮೇಲೆ ಹೊತ್ಕೊಳ್ಳೋ ಅಗತ್ಯ ಇಲ್ಲ. ಪ್ರೋಗ್ರಾಂ ಓಡ್ತಿದೆ. ನಾನು ಯಾರನ್ನೂ ತೆಗೀತಿಲ್ಲ. ಅವರಿಗೆ ಹಗುರವಾದ ಕೆಲಸ ಕೊಡೋಣ."

"ಇಲ್ಲ ಸರ್, ನಾನು..."

"ಗೊತ್ತಾಗುತ್ತೆ, ಬಿಡಿ." ಎದ್ದು ಬಂದು ನನ್ನ ಹೆಗಲು ತಟ್ಟಿದರು.

ಮುಖಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನಿಜ ಹೇಳಿದ್ದಕ್ಕೆ, ಸುಳ್ಳು ಹೇಳಿದ್ದೇನೆಂದುಕೊಂಡು ಮೆಚ್ಚಿದರು. ಅವರಿಗೆ ಹಾಗೆ ತೋರುವಂತೆ ಮಾಡಿದವನೂ ನಾನೇ. ಇಷ್ಟು ದಿನ ಮೊಣಕೈ ಹಿಡಿದುಕೊಂಡು ಓಡಾಡಿದ್ದೆನಲ್ಲ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಸರ್, ಒಂದು ನಿಮಿಷ ಯಂತ್ರದ ಹತ್ರ ಬನ್ನಿ," ಎಂದಳು. ಉಸಿರು ತಡೆದು ಶುರು ಮಾಡಲಿಲ್ಲ, ಸೀದಾ ಹೇಳಿದಳು.

ಯಂತ್ರವನ್ನು ಆರಿಸಿ ಹಾಕಿದಳು, ಅಂಕಿಗಳನ್ನು ಸೊನ್ನೆ ಮಾಡಿದಳು. ತನ್ನ ಫೈಲನ್ನು ಮುಟ್ಟಲೇ ಇಲ್ಲ. ಕರ್ನಲ್ಲನ್ನು ಕಂಪೈಲ್ ಮಾಡಲು ಕೊಟ್ಟು ಸಾಹೇಬರಿಗೆ ತನ್ನ ಕುರ್ಚಿ ಬಿಟ್ಟಳು. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಸಿಗ್ನಲ್ ಹನ್ನೊಂದು. ಮತ್ತೆ ಕೊಟ್ಟಳು. ಇನ್ನೊಂದು ಕಡೆ.

"ಇದನ್ನ ಬರೆದೋರು ಯಾರು?" ಎಂದರು ಸಾಹೇಬರು.

"ಯಾರೋ ಸರ್. ಬೇರೆ ಬೇರೆ ದೇಶದಲ್ಲಿರೋ ನೂರಾರು ಜನ," ಎಂದಳು ಅಕ್ಕ. "ಅವರೆಲ್ಲರಿಗೂ ಮೆದುಳು ಜ್ವರ ಬಂದಿರಲ್ಲ."

ಸಾಹೇಬರು ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು. ಈ ಸಲ ಹೆಗಲು ತಟ್ಟಲಿಲ್ಲ.

"ಹಾಗಾದ್ರೆ ದಿಬ್ಬ ಹಾರಿಸಿದ್ದು ಇವರಾ?" ಎಂದು ಕೇಳಿದರು ಮೇಸ್ತ್ರಿ.

"ನಾನೇ," ಎಂದೆ.

"ಮತ್ತೆ ನಾನು ಪಾಪ ಮೇಡಂಗೆ ಅಷ್ಟೆಲ್ಲ ಅಂದ್ನಲ್ಲ." ಅವರ ಮುಖ ಸಣ್ಣದಾಯಿತು. ಅದನ್ನೂ ನೋಡಬೇಕಾಯಿತು.

ಅಕ್ಕ ಅಲ್ಲೇ ಇರುತ್ತಾಳೆ, ಗುತ್ತಿಗೆ ಮುಂದುವರಿಯುತ್ತದೆ. ಬಿಲ್ ವಿಭಾಗದ ಮಾತನ್ನು ಅವಳು ಎತ್ತಲೇ ಇಲ್ಲ. ಸಂಜೆ ಹೊರಡುವ ಮುಂಚೆ ನೀಲಿ ಪರದೆಗೆ ಒಂದು ಗುಪ್ತಪದ ಹಾಕಿದಳು. ಏನೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಮಾರ್ಚ್ ೨೨, ಶುಕ್ರವಾರ

ಅಕ್ಕನಿಗೆ ಅವಳ ರೈಲು ವಾಪಸ್ ಬೇಕಂತೆ. ಬೋಗಿಗಳು ಓಡುತ್ತವೆ, ಆದರೆ ತೆವಳುತ್ತವೆ. ಯಂತ್ರದಲ್ಲಿದ್ದ ಹಳೆಯ ಫೈಲಿನ ಮೇಲೆಯೇ ಅವಳು ಬೋಗಿಗಳನ್ನು ಬರೆದಿದ್ದಳು. ಫ್ಲಾಪಿಗಳನ್ನು ತೆಗೆದೆ. ಹಾಳಾಗಿದ್ದವು. ಆ ಸೊನ್ನೆಗಳ ವಾರದಲ್ಲಿ ಫೈಲುಗಳನ್ನೆಲ್ಲ ಒತ್ತಿ ಕಟ್ಟಿದ್ದ ಕಟ್ಟು, ಬಿಚ್ಚಿಕೊಳ್ಳಲೇ ಇಲ್ಲ. ಹಳೆಯ ಒಳ್ಳೆಯ ಪ್ರತಿಯ ಮೇಲೆ ಅದನ್ನು ಬರೆದವನು ನಾನೇ. ಹೇಳಿದೆ. ಈ ಸಲ ಗೊತ್ತಾದ ಕೂಡಲೇ ಹೇಳಿದೆ.

"ಸರಿ," ಎಂದಳು. ಅಷ್ಟೇ.

ಸಂಜೆ ಮೇಲಿನ ಮಹಡಿಗೆ ಹೋಗಿ ಅಮ್ಮನನ್ನು ಆ ಕತ್ತರಿಸಿದ ಕಾಗದಗಳ ಬಗ್ಗೆ ಕೇಳಿದೆ.

"ಅಡುಗೆಮನೆ ಶೆಲ್ಫಿಗೆ ಹಾಸಿದ್ದೀನಿ. ದಪ್ಪ ಕಾಗದ, ಚೆನ್ನಾಗಿದೆ. ಬೇಕಿದ್ರೆ ಡಬ್ಬಗಳನ್ನ ಎತ್ತಿ ನೋಡ್ಕೊಳ್ಳಿ."

ನಾನು ಡಬ್ಬ ಎತ್ತಲು ಹೋದೆ. "ಬೇಡ," ಎಂದಳು ಅಕ್ಕ ಒಳಗಿನಿಂದ. "ನಂಗೆ ಬರುತ್ತೆ."

ಮಾರ್ಚ್ ೨೩, ಶನಿವಾರ

ರಜೆಯಾದ್ದರಿಂದ ಕಚೇರಿಯಲ್ಲಿ ನಾವಿಬ್ಬರೇ. ಅಕ್ಕ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಹೊರಗೆ ನೋಡುತ್ತಾ, ರೈಲನ್ನು ಮೊದಲ ಸಾಲಿನಿಂದ ಹೇಳುತ್ತಾ ಹೋದಳು. ನಾನು ಟೈಪ್ ಮಾಡುತ್ತಾ ಹೋದೆ. ತೊಟ್ಟಿ, ಅದರ ಕೆಳಗಿನ ದೊಡ್ಡ ಪೈಪು, ಕವಲು, ಆಸ್ಪತ್ರೆಯ ದಿಬ್ಬ. ಎಲ್ಲೂ ತಡೆಯಲಿಲ್ಲ. ನನಗೆ ಬೆರಳು ನೋವು ಬಂದು ನಿಲ್ಲಿಸಿದಾಗ ನಿಂತಳು, ಶುರು ಮಾಡಿದಾಗ ಬಿಟ್ಟ ಪದದಿಂದಲೇ ಶುರು ಮಾಡಿದಳು. ಒಂದು ಕಡೆ, "ಆವರಣ ಮುಚ್ಚಿದ್ಯಾ?" ಎಂದು ಕೇಳಿದಳು. ಮುಚ್ಚಿರಲಿಲ್ಲ. ಪರದೆ ಅವಳಿಗೆ ಕಾಣುತ್ತಿರಲಿಲ್ಲ.

ಇವತ್ತು ಕೂಟಕ್ಕೆ ಹೋಗುವ ಮನಸ್ಸಿತ್ತು, ಹಲಗೆಯ ಮೇಲಿನ ಸಾಲನ್ನು ಅಳಿಸಿ ಬರಲು. ಮುಂದಿನ ತಿಂಗಳು ಹೋದರಾಯಿತು.

ಮುಗಿದಾಗ ಮಧ್ಯಾಹ್ನದ ಬಿಸಿಲು ಮೇಜಿನವರೆಗೆ ಬಂದಿತ್ತು. ಮೇಕ್ ಕೊಟ್ಟೆ. ಕಂಪೈಲರ್ ನಿಂತಿತು.  ಆದರೆ ಅದು ಸತ್ತಿರಲಿಲ್ಲ. ೨೦೭ನೇ ಸಾಲಿನಲ್ಲಿ ತಪ್ಪಿದೆ ಎಂದು ತೋರಿಸಿ ನಿಂತಿತ್ತು. ಕೈ ಅಭ್ಯಾಸದಂತೆ ಮತ್ತೆ ಮೇಕ್ ಕೊಟ್ಟಿತು. ೨೦೭. ಅದೇ ಸಾಲು.

ಅಕ್ಕ ಎದ್ದು ಬಂದು ನನ್ನ ಹಿಂದೆ ನಿಂತು ಓದಿದಳು. ಆ ಸಾಲಿನ ಕೊನೆಯ ಚಿಹ್ನೆಯನ್ನು ನಾನು ಬಿಟ್ಟಿದ್ದೆ.

"ಇದು ಯಾರದ್ದು?" ಎಂದಳು.

"ನನ್ನದು."

"ಸರಿ ಮಾಡು," ಎಂದು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.